ತುಂಗೆಯ ದಡದ ಕಂಚಿನ ಕಂಠ

ಬೆಂಗಳೂರಿನಿಂದ ಹೊರಟ ರೈಲು ಬೀರೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಮಲೆನಾಡಿನ ಕಡೆಗೆ ಮುಖ ತಿರುಗಿಸಿದೊಡನೆ ಗಾಳಿಯ ಗುಣವೇ ಬೇರೆಯಾಗುತ್ತದೆ. ತರೀಕೆರೆ ದಾಟಿತೆಂದರೆ ಅಡಕೆಯ ತೋಟಗಳು ಹಳಿಯ ಎರಡೂ ಬದಿಗೆ ಸರಿದುಬಂದು ನಿಲ್ಲುತ್ತವೆ. ಮೊದಲು ಸಿಕ್ಕುವುದು ಭದ್ರಾವತಿ. ಅಲ್ಲಿಂದ ಮುಂದೆ ಅರ್ಧ ತಾಸಿನ ಹಾದಿ ಶಿವಮೊಗ್ಗ. ಒಂದು ಊರು ಭದ್ರೆಯ ದಡದಲ್ಲಿ, ಇನ್ನೊಂದು ತುಂಗೆಯ ದಡದಲ್ಲಿ. ಒಂದು ಕಬ್ಬಿಣದ ಊರು, ಇನ್ನೊಂದು ಕಚೇರಿ, ಕಾಲೇಜು, ಮಂಡಿಗಳ ಊರು. ಅವಳಿ ಊರುಗಳೆಂದು ಜನ ಕರೆಯುವರಾದರೂ ಈ ಅವಳಿಗಳ ಮುಖಚರ್ಯೆ ಒಂದೇ ಅಲ್ಲ. ಆದರೆ ಎರಡಕ್ಕೂ ಸಮಾನವಾಗಿ ಸೇರಿದ ವಸ್ತು ಒಂದುಂಟು. ಅದು ಹಾಡು.

ನಾಡಿನ ಎಷ್ಟೋ ಊರುಗಳು ತಮ್ಮ ಹೆಸರನ್ನು ತಿಂಡಿಗೋ ಸೀರೆಗೋ ಹಣ್ಣಿಗೋ ಕೊಟ್ಟಿವೆ. ಶಿವಮೊಗ್ಗ ತನ್ನ ಹೆಸರನ್ನು ಒಂದು ಧ್ವನಿಗೆ ಕೊಟ್ಟಿತು. ಜಿ. ಸುಬ್ರಹ್ಮಣ್ಯ ಎಂದರೆ ಯಾರೆಂದು ಕನ್ನಡಿಗರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕೇಳಿಯಾರು; ಶಿವಮೊಗ್ಗ ಸುಬ್ಬಣ್ಣ ಎಂದರೆ ಸಾಕು, ಕಿವಿಯಲ್ಲಿ ಒಂದು ತುಂಬುಕಂಠ ಮೊಳಗುತ್ತದೆ. 2014ರ ನವೆಂಬರ್ 1ರಂದು ಸರ್ಕಾರ ಊರಿನ ಆಂಗ್ಲ ಬರವಣಿಗೆಯನ್ನು ತಿದ್ದಿ ಕನ್ನಡದ ಉಚ್ಚಾರಣೆಗೆ ಹೊಂದಿಸಿತು. ಆದರೂ ಹಳೆಯ ಧ್ವನಿಸುರುಳಿಗಳ ಹೊದಿಕೆಯ ಮೇಲೆ ‘ಶಿಮೊಗ’ ಎಂಬ ದೊರೆಗಳ ಕಾಲದ ಅಕ್ಷರಗಳೇ ಉಳಿದುಕೊಂಡಿವೆ. ಊರಿನ ಹೆಸರಿಗೆ ‘ಸಿಹಿಮೊಗೆ’ಯೆಂದು ಅರ್ಥ ಹೇಳುವವರುಂಟು, ‘ಶಿವಮುಖ’ವೆಂದು ವಾದಿಸುವವರೂ ಉಂಟು. ಸುಬ್ಬಣ್ಣನವರ ಹಾಡನ್ನು ಕೇಳಿದವರು ಮೊದಲನೆಯ ಪಕ್ಷಕ್ಕೆ ಸೇರಿದರೆ ಆಶ್ಚರ್ಯವಿಲ್ಲ.

ಅವರು ಹುಟ್ಟಿದ್ದು ಪಟ್ಟಣದಲ್ಲಲ್ಲ. ಜಿಲ್ಲೆಯ ಪಶ್ಚಿಮಕ್ಕೆ, ಹೊಸನಗರ ತಾಲ್ಲೂಕಿನ ನಗರದಲ್ಲಿ, 1938ರ ಡಿಸೆಂಬರ್ 14ರಂದು. ನಗರವೆಂಬ ಹೆಸರು ಕೇಳಿ ದೊಡ್ಡ ಪೇಟೆಯನ್ನು ಕಲ್ಪಿಸಿಕೊಂಡು ಹೋದ ಪ್ರವಾಸಿಗ ಅಲ್ಲಿ ಕಾಣುವುದು ಮಳೆ ನೆಂದ ಪುಟ್ಟ ಊರನ್ನು, ಪಾಚಿ ಹಿಡಿದ ಕೋಟೆಯ ಗೋಡೆಗಳನ್ನು. ಇದೇ ಹಿಂದಿನ ಬಿದನೂರು. ಕೆಳದಿಯ ನಾಯಕರು ಆಳಿದ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ವಶಪಡಿಸಿಕೊಂಡು ತನ್ನ ಹೆಸರನ್ನಿಟ್ಟ. ಹೆಸರಿನ ಮೊದಲರ್ಧ ಕಾಲನ ಪಾಲಾಯಿತು, ‘ನಗರ’ ಮಾತ್ರ ಉಳಿಯಿತು. ಆರು ತಿಂಗಳ ಮಳೆಯಲ್ಲಿ ಮನೆಯೊಳಗೇ ಕುಳಿತಿರಬೇಕಾದ ಆ ಸೀಮೆಯಲ್ಲಿ ತಾಳಮದ್ದಳೆ, ಭಜನೆ, ಗಮಕ ಇವೇ ಸಂಜೆಯ ಸಂಗಾತಿಗಳು. ಸುಬ್ಬಣ್ಣನವರಿಗೆ ಸಂಗೀತದ ಮೊದಲ ಪಾಠ ದೊರೆತದ್ದೂ ಮನೆಯಲ್ಲೇ, ಅಜ್ಜನ ಬಾಯಿಂದ. ಮುಂದೆ ಅವರು ಕಾನೂನು ಓದಿ ವಕೀಲರಾದರು, ನೋಟರಿಯಾದರು. ಹಾಡು ಹೊಟ್ಟೆಪಾಡಿನ ದಾರಿಯಾಗಲಿಲ್ಲ. ಹೊಟ್ಟೆಗೊಂದು ಕರಿಯ ಕೋಟು, ಹೃದಯಕ್ಕೊಂದು ಹಾರ್ಮೋನಿಯಂ.

ಈ ಎರಡು ವೃತ್ತಿಗಳು ಪರಸ್ಪರ ದೂರವೆಂದು ತೋರಬಹುದು. ಯೋಚಿಸಿದರೆ ಅಷ್ಟು ದೂರವಲ್ಲ. ವಕೀಲನ ಕೆಲಸ ತನ್ನ ಮಾತನ್ನು ಆಡುವುದಲ್ಲ, ತಾನೇ ಆಡಲಾರದವನ ಮಾತನ್ನು ಸಭೆಯ ಮುಂದೆ ಸ್ಪಷ್ಟವಾಗಿ ಇಡುವುದು. ಭಾವಗೀತೆಯ ಗಾಯಕನ ಕೆಲಸವೂ ಅಷ್ಟೆ. ಕವಿ ಬರೆದು ಪುಸ್ತಕದೊಳಗೆ ಮಡಿಚಿಟ್ಟಿದ್ದಾನೆ. ಪುಸ್ತಕ ಸಾವಿರ ಪ್ರತಿ ಅಚ್ಚಾಗಿದೆ. ಅದರಲ್ಲಿ ಅರ್ಧ ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಅಕ್ಷರ ಬಾರದ ಮುದುಕಿಗೆ, ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಆ ಕವಿತೆಯನ್ನು ತಲುಪಿಸುವವರು ಯಾರು? ಯಾರಾದರೊಬ್ಬರು ವಕಾಲತ್ತು ವಹಿಸಬೇಕು. ಸುಬ್ಬಣ್ಣ ವಹಿಸಿದರು.

ಅವರಿಗಿಂತ ಮುಂಚೆಯೂ ದಾರಿ ತೋರಿದವರಿದ್ದರು. ಪಿ. ಕಾಳಿಂಗರಾಯರು ನವೋದಯದ ಕವಿತೆಗಳನ್ನು ವೇದಿಕೆಗೆ ತಂದು ನಾಡಿಗೆಲ್ಲ ಹಂಚಿದರು. ಅನಂತರ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಬಂದರು, ಸುಬ್ಬಣ್ಣನವರು ಇವರ ಸಮಕಾಲೀನರು. ಸುಗಮ ಸಂಗೀತವೆಂಬ ಹೆಸರಿನಲ್ಲಿಯೇ ಒಂದು ಬಗೆಯ ತಾತ್ಸಾರ ಅಡಗಿದೆಯೆಂಬುದನ್ನು ಒಪ್ಪಬೇಕು. ಶಾಸ್ತ್ರೀಯ ವಿದ್ವಾಂಸರಿಗೆ ಅದು ತೀರ ಸುಲಭ. ಕಾವ್ಯಪಂಡಿತರಿಗೆ ಅದು ಕವಿತೆಯನ್ನು ಹಾಡಿನ ಸಕ್ಕರೆಪಾಕದಲ್ಲಿ ಅದ್ದಿ ಕೆಡಿಸುವ ಉಪಾಯ. ಇಬ್ಬರ ಆಕ್ಷೇಪಣೆಯಲ್ಲಿಯೂ ಸ್ವಲ್ಪ ಸತ್ಯವಿಲ್ಲದಿಲ್ಲ. ಮಾತನ್ನು ನುಂಗಿ ರಾಗವನ್ನು ಮಾತ್ರ ಉಗುಳುವ ಗಾಯಕರು ಎಲ್ಲ ಕಾಲಕ್ಕೂ ಉಂಟು. ಸುಬ್ಬಣ್ಣನವರ ಹೆಚ್ಚಳವಿದ್ದುದು ಇಲ್ಲಿಯೇ. ಅವರು ಹಾಡುವಾಗ ಒತ್ತಕ್ಷರವೊಂದೂ ಸವೆಯುತ್ತಿರಲಿಲ್ಲ. ಮಹಾಪ್ರಾಣ ಮಹಾಪ್ರಾಣವಾಗಿಯೇ ಕೇಳುತ್ತಿತ್ತು. ಧ್ವನಿ ನಾಜೂಕಿನದಲ್ಲ, ತೆರೆದ ಗಂಟಲಿನ, ಎದೆಯಿಂದ ಹೊರಡುವ, ಕಂಚಿನ ಗಂಟೆಯ ಹಾಗೆ ಹೊಡೆದ ಮೇಲೆಯೂ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಲ್ಲುವ ಧ್ವನಿ. ಕುವೆಂಪು ಅವರ ಡಿಂಡಿಮದ ಗೀತೆಗೆ ಬೇಕಾದದ್ದು ಅಂಥ ಗಂಟಲೇ. ತೀರ್ಥಹಳ್ಳಿಯ ಕಾಡಿನ ಮನೆಯಲ್ಲಿ ಬೆಳೆದ ಕವಿಯ ಕರೆಯನ್ನು ಪಕ್ಕದ ತಾಲ್ಲೂಕಿನ ಗಾಯಕ ಎತ್ತಿ ಸಾರಿದಾಗ ಆ ಕವಿತೆ ಓದುವ ವಸ್ತುವಾಗಿ ಉಳಿಯಲಿಲ್ಲ, ಎದ್ದು ನಿಂತು ಕೇಳುವ ವಸ್ತುವಾಯಿತು.

ಈ ಜಿಲ್ಲೆಯ ಮಣ್ಣೇ ಅಂಥದೋ ಏನೋ! ಕುವೆಂಪು ಒಬ್ಬರೇ ಅಲ್ಲ. 1942ರಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಧಿಕ್ಕರಿಸಿ ನಿಂತ ಈಸೂರು ಜಿ.ಎಸ್. ಶಿವರುದ್ರಪ್ಪನವರ ಊರು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗ ಪಟ್ಟಣದವರೇ. ಹುಟ್ಟಿನಿಂದ ದೇವನಹಳ್ಳಿಯವರಾದ ಕೆ.ಎಸ್. ನಿಸಾರ್ ಅಹಮದರು ಇಲ್ಲಿಯ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನವನ್ನು ಬೋಧಿಸಿದರು; ಜೋಗದ ಬೆಳಕನ್ನು, ತುಂಗೆಯ ತೆನೆಯನ್ನು ಕವಿತೆಯಲ್ಲಿ ನೆನೆದ ‘ನಿತ್ಯೋತ್ಸವ’ ಅವರದು. 1978ರಲ್ಲಿ ಅದೇ ಹೆಸರಿನಲ್ಲಿ ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಹೊರಬಂದದ್ದು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಪ್ರಸಿದ್ಧವಾಗಿದೆ. 2006ರ ಡಿಸೆಂಬರಿನಲ್ಲಿ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಶಿವಮೊಗ್ಗದಲ್ಲಿ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರೂ ಇದೇ ನಿಸಾರ್ ಅಹಮದರು. ಕವಿಗಳು ಒಂದೆಡೆ ಇಷ್ಟು ಒತ್ತಾಗಿ ಬೆಳೆದ ಮೇಲೆ ಹಾಡುವವನೊಬ್ಬ ಹುಟ್ಟದಿದ್ದರೆ ಅದೇ ಸೋಜಿಗ.

ಶಿವಮೊಗ್ಗದ ಬೀದಿಗಳಲ್ಲಿ ಸಂಜೆ ನಡೆದಾಡುವುದು ಒಂದು ಸುಖ. ದುರ್ಗಿಗುಡಿಯ ಅಂಗಡಿಸಾಲು, ಗಾಂಧಿ ಬಜಾರಿನ ಹೂವು ಹಣ್ಣುಗಳ ಗದ್ದಲ, ಅದನ್ನು ದಾಟಿ ಕೋಟೆ ರಸ್ತೆಗೆ ಬಂದರೆ ಶಿವಪ್ಪನಾಯಕನ ಅರಮನೆ, ಆಂಜನೇಯನ ಗುಡಿ, ಅವುಗಳ ಬೆನ್ನಿಗೆ ತುಂಗೆ. ‘ಗಂಗಾಸ್ನಾನ ತುಂಗಾಪಾನ’ವೆಂಬ ಗಾದೆಯನ್ನು ಈ ಊರಿನ ಜನ ದಿನಕ್ಕೊಮ್ಮೆಯಾದರೂ ನೆನೆಯುತ್ತಾರೆ, ಬೇಸಗೆಯಲ್ಲಿ ಬಂಡೆಗಳ ನಡುವೆ ನೀರು ನೂಲಿನಂತಾದಾಗಲೂ ನೆನೆಯುವುದನ್ನು ಬಿಡುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘವಿದೆ. ಕನ್ನಡ ಪುಸ್ತಕ ಓದುವುದು, ಕನ್ನಡ ಭಾಷಣ ಕೇಳುವುದು ಮರ್ಯಾದಸ್ಥರ ಹವ್ಯಾಸವೆಂದು ಈ ಊರಿಗೆ ಕಲಿಸಿದ ಸಂಸ್ಥೆಗಳಲ್ಲಿ ಅದು ಹಿರಿಯದು. ಹೀಗೆ ಕಿವಿ ಹದಗೊಂಡ ಊರಿನಲ್ಲಿ ಹಾಡುಗಾರನಿಗೆ ಅರ್ಧ ಕೆಲಸ ಮುಗಿದಂತೆಯೆ.

ಉಳಿದರ್ಧ ಕೆಲಸವನ್ನು ಮಾಡಿದ್ದು ಭದ್ರಾವತಿ.

ಹಿಂದೆ ಇದರ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವೊಂದನ್ನು ಬಿಟ್ಟರೆ ಪರಸ್ಥಳದವರನ್ನು ಕರೆಯುವಂಥದು ಅಲ್ಲಿ ಬೇರೇನೂ ಇರಲಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನವು ಇಲ್ಲಿ ಕಬ್ಬಿಣದ ಕಾರ್ಖಾನೆಗೆ ಅಸ್ತಿಭಾರ ಹಾಕಿತು. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲ ಅದು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಣ ಕಾಡಿನಿಂದ ಇದ್ದಲು. 1923ರಲ್ಲಿ ಕಬ್ಬಿಣ ಹರಿಯಲಾರಂಭಿಸಿದಾಗ ಬೆಂಕಿಪುರವೆಂಬ ಹಳೆಯ ಹೆಸರೇ ಹೆಚ್ಚು ಒಪ್ಪುತ್ತಿತ್ತೇನೋ! 1936ರಲ್ಲಿ ಕಾಗದದ ಕಾರ್ಖಾನೆ ಬಂದಿತು. ತಮಿಳರು, ತೆಲುಗರು, ಮಲಯಾಳಿಗಳು, ಬಯಲುಸೀಮೆಯ ಕನ್ನಡಿಗರು ಕೂಲಿ ಹುಡುಕಿ ಬಂದು ಕ್ವಾರ್ಟರ್ಸುಗಳಲ್ಲಿ ನೆಲೆಸಿದರು. ಗಡಿಯಾರಕ್ಕೆ ಬದಲು ಕಾರ್ಖಾನೆಯ ಕೂಗು ಊರಿನ ದಿನವನ್ನು ಮೂರು ಪಾಳಿಗಳಾಗಿ ಕತ್ತರಿಸುತ್ತಿತ್ತು.

ಈ ಕೂಗಿನ ಊರಿಗೆ 1965ರಲ್ಲಿ ಆಕಾಶವಾಣಿ ಬಂದಿತು. ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೆ ಬಾರದೆ ಭದ್ರಾವತಿಗೆ ಬಂದದ್ದರ ಬಗೆಗೆ ಶಿವಮೊಗ್ಗದ ಹಿರಿಯರಿಗೆ ಸಣ್ಣ ಅಸೂಯೆ ಇದ್ದಿರಲೂ ಸಾಕು. ಮಧ್ಯಮ ತರಂಗಾಂತರದ ಆ ಧ್ವನಿ ಕಾಡು ಗುಡ್ಡಗಳನ್ನು ದಾಟಿ, ವಿದ್ಯುತ್ತೇ ಇಲ್ಲದ ಹಳ್ಳಿಗಳ ಬ್ಯಾಟರಿ ರೇಡಿಯೋಗಳಿಗೆ ತಲುಪುತ್ತಿತ್ತು. ಅಡಕೆ ಸುಲಿಯುವ ಚಪ್ಪರದ ಕೆಳಗೆ, ಸಂತೆಯ ಹೋಟೆಲಿನ ಗಲ್ಲಾದ ಪಕ್ಕದಲ್ಲಿ, ಕಾರ್ಮಿಕರ ಮನೆಯ ಗೂಡಿನಲ್ಲಿ ಅದು ದಿನವೂ ಭಾವಗೀತೆಯನ್ನು ನುಡಿಯಿತು. 1960ರ ದಶಕದಿಂದಲೇ ಆಕಾಶವಾಣಿಯ ಗಾಯಕರಾಗಿದ್ದ ಸುಬ್ಬಣ್ಣನವರ ದನಿಯೂ ಅದರಲ್ಲಿ ಸೇರಿತ್ತು. ಟಿಕೆಟ್ಟು ಕೊಂಡು ಸಭಾಂಗಣಕ್ಕೆ ಹೋಗಲಾರದವರಿಗೆ ಕವಿತೆ ಬಿಟ್ಟಿಯಾಗಿ ದೊರೆತದ್ದು ಹೀಗೆ. ಮನೆಯಲ್ಲಿ ತಮಿಳು ಮಾತನಾಡುತ್ತ ಬೆಳೆದ ಭದ್ರಾವತಿಯ ಹುಡುಗರೂ ಕುವೆಂಪು ಅವರ ಪದಗಳನ್ನು ಕಂಠಪಾಠ ಮಾಡಿದ್ದರೆ ಅದರಲ್ಲಿ ಶಾಲೆಯ ಪಾಲೆಷ್ಟು, ರೇಡಿಯೋದ ಪಾಲೆಷ್ಟು ಎಂದು ಅಳೆಯುವುದು ಕಷ್ಟ.

ದೂರದ ಒಂದು ದ್ವೀಪದ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಜಮೈಕಾದಲ್ಲಿ ಗುಲಾಮರ ಮೊಮ್ಮಕ್ಕಳು ಕಟ್ಟಿಕೊಂಡ ಸಂಗೀತಕ್ಕೆ ರೆಗ್ಗೆ ಎಂದು ಹೆಸರು. ಅದರಲ್ಲಿ ಪೂರ್ವಿಕರ ನೆಲವನ್ನು, ನೋವನ್ನು, ಬಿಡುಗಡೆಯನ್ನು ಹಾಡುವ ಬಗೆಗೆ ಬೇರಿನ ರೆಗ್ಗೆಯೆಂದೇ ಕರೆಯುತ್ತಾರೆ. ಅದರ ಮಹಾಗಾಯಕ ಬಾಬ್ ಮಾರ್ಲಿ (1945–1981) ಕಿಂಗ್‌ಸ್ಟನ್ನಿನ ಬಡವರ ಕೇರಿಯಿಂದ ಎದ್ದು ಬಂದವನು. ತನ್ನ ಕಡೆಯ ವರ್ಷಗಳಲ್ಲಿ ಆತ ಕಟ್ಟಿದ ಒಂದು ಹಾಡಿನಲ್ಲಿ ಮಾರ್ಕಸ್ ಗಾರ್ವಿ ಎಂಬ ತನ್ನ ನಾಡಿನ ಹಿರಿಯ 1937ರಲ್ಲಿ ಮಾಡಿದ ಭಾಷಣದ ಮಾತುಗಳನ್ನೇ ಸೇರಿಸಿಕೊಂಡ. ಭಾಷಣವನ್ನು ಓದಿದವರು ಎಷ್ಟು ಮಂದಿಯೋ. ಹಾಡನ್ನು ಕೇಳಿದವರಿಗೆ ಲೆಕ್ಕವಿಲ್ಲ. ಮಾರ್ಲಿ ಹೆಚ್ಚಾಗಿ ತನ್ನ ಮಾತನ್ನು ತಾನೇ ಹಾಡಿದ, ಸುಬ್ಬಣ್ಣ ಪರರ ಮಾತನ್ನು ಹಾಡಿದರು. ಒಬ್ಬನದು ತುಳಿತಕ್ಕೊಳಗಾದವರ ಕೂಗು, ಇನ್ನೊಬ್ಬರದು ಬಹುಮಟ್ಟಿಗೆ ಓದುಬಲ್ಲವರ ಕಾವ್ಯ. ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೆ ಕಾಗದದ ಮೇಲಿನ ಮಾತಿಗೆ ಜನರ ಬಾಯಿ ದೊರಕಿಸಿಕೊಡುವುದೆಂದರೇನೆಂಬುದು ಎರಡೂ ಕಡೆ ಒಂದೇ.

ಆ ತುಳಿತದ ಕೂಗಿಗೆ ಸಮಾನವಾದದ್ದು ಈ ಪ್ರದೇಶದಲ್ಲಿ ಇರಲಿಲ್ಲವೆಂದಲ್ಲ. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು (1938–1997) ಸುಬ್ಬಣ್ಣನವರ ಓರಗೆಯವರೇ, ಇಬ್ಬರೂ ಹುಟ್ಟಿದ್ದು ಒಂದೇ ವರ್ಷ. 1970ರ ದಶಕದಲ್ಲಿ ಅವರು ಮುಂದೆ ನಿಂತು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಜೊತೆಗೆ ತಮಟೆಯ ಹೋರಾಟದ ಹಾಡುಗಳು ಹುಟ್ಟಿ ಬೀದಿ ಬೀದಿಗೆ ಹರಿದವು. ಅವಕ್ಕೆ ಹಾರ್ಮೋನಿಯಂ ಬೇಡ, ಧ್ವನಿಮುದ್ರಣದ ಕೊಠಡಿ ಬೇಡ, ಶ್ರುತಿ ಹಿಡಿದು ಕೂರಲು ವ್ಯವಧಾನವೂ ಇಲ್ಲ. ಭಾವಗೀತೆಯ ಚಾಪೆಯ ಮೇಲೆ ಕುಳಿತವರು ಆ ಹಾಡನ್ನು ಬಹುಕಾಲ ಸಂಗೀತವೆಂದು ಎಣಿಸಲಿಲ್ಲ. ಅದು ಅವರ ನಷ್ಟ. ಶಿವಮೊಗ್ಗ, ಭದ್ರಾವತಿಗಳ ಹಾಡಿನ ಕಥೆ ಹೇಳುವವರು ಈ ಬೇರನ್ನು ಮರೆತರೆ ಕಥೆ ಅರ್ಧವಾಗುತ್ತದೆ.

ಸುಬ್ಬಣ್ಣನವರ ಹಾಡುಗಳಲ್ಲಿ ಜನಸಾಮಾನ್ಯರ ಅಂಗಳಕ್ಕೆ ಅತ್ಯಂತ ಸಮೀಪ ನಡೆದುಹೋದವು ಶಿಶುನಾಳ ಶರೀಫರ (1819–1889) ತತ್ತ್ವಪದಗಳು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಗೋವಿಂದ ಭಟ್ಟ. ಆ ಗುರುಶಿಷ್ಯರ ಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳ ಬಾಯಲ್ಲೇ ತಲೆಮಾರುಗಳ ಕಾಲ ಬದುಕಿದ್ದವು. ಅಶ್ವತ್ಥರು ಅವುಗಳನ್ನು ರಾಗಕ್ಕೆ ಹೊಂದಿಸಿ ದಕ್ಷಿಣಕ್ಕೆ ತಂದರು. ಗಂಡನ ಮನೆಗೆ ಹೊರಟ ತಂಗಿಯನ್ನು ಸಂತೈಸುವ ಪದವನ್ನು ಸುಬ್ಬಣ್ಣ ಹಾಡುವಾಗ ಕಂಚಿನ ಆ ಧ್ವನಿ ಹೇಗೋ ಮೆದುವಾಗುತ್ತಿತ್ತು. ಮೇಲ್ನೋಟಕ್ಕೆ ಅದು ಮದುವೆಯ ಹೆಣ್ಣಿನ ಹಾಡು. ಒಳಗೆ ಈ ಲೋಕವನ್ನು ಬಿಟ್ಟುಹೋಗುವ ಜೀವದ ಹಾಡು. ವೇದಾಂತ ತಿಳಿಯದ ತಾಯಂದಿರು ಮದುವೆಯ ಹಾಡೆಂದೇ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಗೆ ಕೇಳಿದ್ದು ತಪ್ಪೆಂದು ಶರೀಫರೂ ಹೇಳುತ್ತಿರಲಿಲ್ಲ.

ಚಲನಚಿತ್ರದ ಕಡೆಗೆ ಅವರು ಹೋದದ್ದು ಕಡಿಮೆ. ಆದರೆ ಹೋದದ್ದಕ್ಕೆ ದೊರೆತ ಫಲ ಅಸಾಮಾನ್ಯ. ಬೆಳಗಾವಿ ಸೀಮೆಯ ಕವಿ ಚಂದ್ರಶೇಖರ ಕಂಬಾರರು ತಾವೇ ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರಕ್ಕೆ ಶೀರ್ಷಿಕೆಗೀತೆಯನ್ನು ಸುಬ್ಬಣ್ಣನವರಿಂದ ಹಾಡಿಸಿದರು. ಆ ಹಾಡಿನಲ್ಲಿ ಬೆಡಗಿಲ್ಲ, ಲಾವಣಿಯ ಓಟವಿದೆ. ಕಟ್ಟು ಹರಿದುಕೊಂಡು ಬಂದ ಪ್ರಾಣಿಯ ಗೊರಸಿನ ಸದ್ದನ್ನು ಗಾಯಕನ ಉಸಿರಿನಲ್ಲಿಯೇ ಕೇಳಬೇಕು. 1978ನೆಯ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದಿತು. ಕನ್ನಡದ ಹಾಡೊಂದು ಆ ಪ್ರಶಸ್ತಿಯನ್ನು ಗೆದ್ದದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಅದನ್ನು ಪಡೆದವರು ಮಹಮ್ಮದ್ ರಫಿ, ಮುಂದಿನ ಸಾಲಿನಲ್ಲಿ ‘ಶಂಕರಾಭರಣ’ದ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಚಿತ್ರಸಂಗೀತದ ಈ ಇಬ್ಬರು ಚಕ್ರವರ್ತಿಗಳ ನಡುವೆ ಕುಳಿತದ್ದು ಮಲೆನಾಡಿನ ಒಬ್ಬ ವಕೀಲ. ಇಷ್ಟಾದರೂ ಚಿತ್ರರಂಗ ಅವರನ್ನು ಹಿಡಿದಿಟ್ಟುಕೊಳ್ಳಲಿಲ್ಲ, ಅವರೂ ಅದರ ಬೆನ್ನು ಹತ್ತಲಿಲ್ಲ. ಕನ್ನಡ ಚಿತ್ರೋದ್ಯಮ ಆ ಗಂಟಲನ್ನು ಇನ್ನೂ ಕೆಲವು ಹಾಡುಗಳಿಗೆ ಬಳಸಿಕೊಳ್ಳಬಹುದಿತ್ತೆಂದು ರಸಿಕರು ಆಡಿಕೊಳ್ಳುವುದು ಸುಳ್ಳಲ್ಲ. ಆದರೆ ನಾಯಕನಟನ ತುಟಿಗೆ ಧ್ವನಿಯನ್ನು ಹೊಂದಿಸುವುದಕ್ಕಿಂತ ಕವಿಯ ಮಾತಿಗೆ ಹೊಂದಿಸುವುದು ಅವರಿಗೆ ಹೆಚ್ಚು ಒಗ್ಗಿದ ಕೆಲಸವಾಗಿತ್ತು.

ಅವರ ಹಿರಿತನದ ದಿನಗಳು ಬೆಂಗಳೂರಿನಲ್ಲಿ ಕಳೆದವು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಡಿಂಡಿಮದ ಕವಿಯ ಹೆಸರಿನ ವಿದ್ಯಾಲಯದಿಂದ ಡಿಂಡಿಮದ ಗಾಯಕನಿಗೆ. ಇದಕ್ಕಿಂತ ಉಚಿತವಾದ ಸ್ಥಳ ಬೇರೆ ಸಿಕ್ಕುತ್ತಿರಲಿಲ್ಲ. 2022ರ ಆಗಸ್ಟ್ 11ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. ಅನಂತಸ್ವಾಮಿ 1995ರಲ್ಲಿ, ಅಶ್ವತ್ಥ್ 2009ರಲ್ಲಿ ಮೊದಲೇ ಹೋಗಿದ್ದರು. ನಿಸಾರ್ ಅಹಮದರು 2020ರಲ್ಲಿ, ಲಕ್ಷ್ಮೀನಾರಾಯಣ ಭಟ್ಟರು 2021ರಲ್ಲಿ. ಮೂರು ವರ್ಷಗಳ ಅಂತರದಲ್ಲಿ ಶಿವಮೊಗ್ಗದ ಹಾಡಿನ ಮನೆಯಲ್ಲಿ ಮೂರು ದೀಪಗಳು ಆರಿದವು.

ಆಗಿಹೋದುದರ ಮೇಲೆ ಊರುಗಳು ನಿಲ್ಲುವುದಿಲ್ಲ. ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಅದರ ಸಾಲುಮನೆಗಳ ನಡುವೆ ನಡೆದರೆ ಹುಲ್ಲು ಬೆಳೆದ ಅಂಗಳಗಳೂ ತುಕ್ಕು ಹಿಡಿದ ಗೇಟುಗಳೂ ಕಾಣುತ್ತವೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆದಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲಸ ಸ್ವಲ್ಪಮಟ್ಟಿಗೆ ಮತ್ತೆ ಆರಂಭವಾಯಿತು. ರೇಡಿಯೋ ಕೇಳುವ ಮನೆಗಳೂ ಹಿಂದಿನಷ್ಟಿಲ್ಲ. ಹಾಡು ಈಗ ಅಂಗೈಯಗಲದ ಫೋನಿನೊಳಗೆ ಬಂದು ಕುಳಿತಿದೆ. ಕೇಳುವವನ ಕಿವಿಗೆ ಮಾತ್ರ, ಪಕ್ಕದವನಿಗಿಲ್ಲ. ಹೋಟೆಲಿನ ಗಲ್ಲಾದ ಮೇಲಿನ ರೇಡಿಯೋ ಹಾಡಿದರೆ ಚಹಾ ಕುಡಿಯುವವರೆಲ್ಲರೂ ಒಂದೇ ಕವಿತೆಯನ್ನು ಕೇಳುತ್ತಿದ್ದರು. ಆ ಸುಖ ಹೊಸ ಯಂತ್ರದಲ್ಲಿಲ್ಲ.

ಎರಡು ಊರುಗಳಿಂದಲೂ ಕೂಡಲಿಗೆ ಬಸ್ಸುಂಟು. ಶಿವಮೊಗ್ಗದಿಂದ ಹದಿನಾರು ಕಿಲೋಮೀಟರಿನ ಹಾದಿ. ಅಲ್ಲಿ ತುಂಗೆ ಭದ್ರೆ ಸೇರುತ್ತವೆ. ಮಳೆಗಾಲ ಮುಗಿದು ನವೆಂಬರ್ ಹುಟ್ಟುವ ಹೊತ್ತಿಗೆ ನೀರು ತಿಳಿಯಾಗಿ ಮೆಟ್ಟಿಲುಗಳಿಂದ ಕೆಳಗಿಳಿದಿರುತ್ತದೆ. ರಾಜ್ಯೋತ್ಸವದ ಬೆಳಗಿನಲ್ಲಿ ಈ ಹಾದಿಯ ಶಾಲೆಗಳ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಡಿಂಡಿಮದ ಗೀತೆಯನ್ನು ಹಾಡುತ್ತಾರೆ. ಕುವೆಂಪು ಅವರ ಹೆಸರು ಅವರಿಗೆ ಪಾಠದಿಂದ ತಿಳಿದಿದೆ. ರಾಗ ಎಲ್ಲಿಂದ ಬಂತೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಮೇಷ್ಟರು ಹೇಳಿಕೊಟ್ಟರು ಎನ್ನುತ್ತಾರೆ. ಮೇಷ್ಟರು ಕಲಿತದ್ದು ರೇಡಿಯೋದಿಂದ.